ಪ್ರೊಸೆಸರ್ ಪಕ್ಷಾಂತರ: ಈ ತಿಂಗಳ ಓದುಗರ ಪ್ರಶ್ನೆಗಳು

ಈ ಸಲ ಪ್ರಿಂಟರ್, ವೈಫೈ, ಹಾರ್ಡ್ ಡಿಸ್ಕ್ ಎಲ್ಲಾ ಪಕ್ಕಕ್ಕಿಟ್ಟು ಬರೀ ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ಚಿಪ್ ಮಾಡೋ ಇಂಟೆಲ್, ಎಎಂಡಿ ಕಂಪನಿಗಳ ಜಗಳದ ಪತ್ರಗಳನ್ನೇ ತಗೊಂಡಿದ್ದೀನಿ, ಯಾಕಂದ್ರೆ ಬಂದಿರೋದ್ರಲ್ಲಿ ಅವೇ ಜಾಸ್ತಿ. ಮಹಡಿ ಮೇಲೆ ವೈಫೈ ಬರ್ತಿಲ್ಲ ಅಂತ ಬರೆದಿರೋ ಜೆ.ಪಿ. ನಗರದವರು ಮುಂದಿನ ತಿಂಗಳವರೆಗೂ ಕೆಳಗಡೆನೇ ಕೂತ್ಕೊಂಡು ಕೆಲಸ ಮಾಡ್ಕೊಳ್ಳಿ, ಪ್ಲೀಸ್.

ಪ್ರಶ್ನೆ: ಸಾರ್, ನಮ್ ಗೇಮಿಂಗ್ ಗ್ಯಾಂಗಲ್ಲಿ ಎಲ್ರೂ ಪಕ್ಕಾ ಆರ್‌ಸಿಬಿ. 2008ರಿಂದ 2025ರವರೆಗೆ ಕಪ್ ಇಲ್ದೆ ಕಾದಿರೋ ಜನ ಇವ್ರು. ಆದ್ರೆ ಪ್ರೊಸೆಸರ್ ವಿಷ್ಯಕ್ಕೆ ಬಂದ್ರೆ, ಮೊನ್ನೆ ಮೊನ್ನೆವರೆಗೂ ಇಂಟೆಲ್ ಬಿಟ್ಟು ಬೇರೆ ಮುಟ್ಟಲ್ಲ ಅಂತಿದ್ದವರು ಈಗ ಎಎಂಡಿ ಜಪ ಮಾಡ್ತಾವ್ರೆ. ನಿಯತ್ತು ಅನ್ನೋದೇ ಇಲ್ವಾ?
ವಿಜಯನಗರದ ಒಬ್ಬ ಓದುಗ

ಉತ್ತರ: ಕ್ರಿಕೆಟ್ ಟೀಮಿಗೆ ನಿಯತ್ತಾಗಿರೋಕೆ ನಾಲ್ಕೈದು ವರ್ಷಕ್ಕೊಂದ್ಸಲ ಅರ್ಧ ಲಕ್ಷ ಬಿಚ್ಚಬೇಕಾಗಿಲ್ಲ ಗುರು, ಪ್ರೊಸೆಸರಿಗೆ ಬಿಚ್ಚಬೇಕು, ಕಥೆ ಬೇರೆ ಆಗೋದೇ ಅಲ್ಲಿ. ನಾನು ನೋಡಿರೋ ಹಾಗೆ ಗೇಮರ್‌ಗಳ ನಿಯತ್ತು ಕಂಪನಿ ಮೇಲೆ ಇರೋದೇ ಇಲ್ಲ, ಪ್ರೊಸೆಸರ್ ಕೂರೋ ಮದರ್‌ಬೋರ್ಡ್ ಮೇಲೆ ಇರುತ್ತೆ. ಬೋರ್ಡ್ ಇರೋವರೆಗೂ ಅದೇ ಪಕ್ಷ. ಬೋರ್ಡ್ ಬದಲಾಯಿಸಲೇಬೇಕು ಅನ್ನೋ ದಿನ ಬಂತು ಅಂದ್ರೆ ಅವತ್ತು ಎಲ್ರೂ ಪಕ್ಷೇತರರು, ಯಾರು ಚೆನ್ನಾಗಿ ಕೊಡ್ತಾರೋ ಅವರ ಕಡೆ.

ಇಂಟೆಲ್‌ನವರು ಆ ದಿನನ ಪದೇ ಪದೇ ತರ್ತಾರೆ, ಅದೇ ಅವರ ತಾಪತ್ರಯ. 2011ರ ಸ್ಯಾಂಡಿ ಬ್ರಿಡ್ಜ್ ಅನ್ನೋ 2ನೇ ಜನರೇಷನ್ ಚಿಪ್‌ಗೆ ಎಲ್‌ಜಿಎ 1155 ಅನ್ನೋ ಸಾಕೆಟ್ (ಬೋರ್ಡಲ್ಲಿ ಚಿಪ್ ಕೂರೋ ಜಾಗ), 4ನೇ ಜನರೇಷನ್‌ಗೆ 1150, 6 ಮತ್ತು 7ಕ್ಕೆ 1151, 8 ಮತ್ತು 9ಕ್ಕೂ ಹೆಸರಿಗೆ 1151ನೇ ಆದ್ರೆ ಹಳೇ ಬೋರ್ಡಲ್ಲಿ ಹಾಕಿದ್ರೆ ಓಡಲ್ಲ, 10-11ಕ್ಕೆ 1200, 12ರಿಂದ 14ಕ್ಕೆ 1700, 2024ರ ಅಕ್ಟೋಬರಲ್ಲಿ ಬಂದ ಕೋರ್ ಅಲ್ಟ್ರಾ 200ಗೆ 1851. ಅಂದ್ರೆ ಹೊಸ ಚಿಪ್ ಬೇಕು ಅಂದವನು ಬಹುತೇಕ ಸಲ ಹೊಸ ಬೋರ್ಡೂ ತಗೋಬೇಕು, ಬೋರ್ಡ್ ತಗೊಳೋದೇ ಆದ್ಮೇಲೆ ಆ ಕಡೆ ಅಂಗಡಿನೂ ಒಂದ್ಸಲ ನೋಡ್ಕೊಂಡ್ ಬರೋಣ ಅಂತ ಯಾರಿಗಾದ್ರೂ ಅನ್ಸುತ್ತೆ ತಾನೇ. ಎಎಂಡಿ ಇದನ್ನ ಅರ್ಥ ಮಾಡ್ಕೊಂಡು ಎಎಂ4 ಸಾಕೆಟನ್ನ 2017ರ ಮೊದಲ ರೈಜನ್ ಚಿಪ್‌ನಿಂದ ಹಿಡಿದು 2022ರ 5800ಎಕ್ಸ್3ಡಿವರೆಗೂ ಎಳೀತು. ಮೊದಲ ವರ್ಷ ಬಿ350 ಬೋರ್ಡಲ್ಲಿ ರೈಜನ್ 5 1600 ಹಾಕಿಸ್ಕೊಂಡ ಹುಡುಗ, ಐದು ವರ್ಷ ಆದ್ಮೇಲೆ ಬಯೋಸ್ (ಬೋರ್ಡಿನ ಒಳಗಿರೋ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಲ್ಲಿ ಅವತ್ತಿನ ಟಾಪ್ ಗೇಮಿಂಗ್ ಚಿಪ್ ಕೂರಿಸಿದ. ಅವನು ಎಎಂಡಿ ಭಕ್ತ ಆಗ್ದೆ ಇನ್ನೇನಾಗ್ತಾನೆ. ಹಾಗಂತ ಎಎಂಡಿಯವರು ಧರ್ಮಕರ್ತರು ಅನ್ಕೋಬೇಡಿ, 2020ರ ಮೇ ತಿಂಗಳಲ್ಲಿ ಬಿ450 ಬೋರ್ಡ್‌ಗೆ ಮುಂದಿನ ಚಿಪ್ ಕೊಡಲ್ಲ ಅಂದ್ಬಿಟ್ಟಿದ್ರು, ಜನ ಉಗಿದ ಮೇಲೇ ದಾರಿಗೆ ಬಂದಿದ್ದು, ಇನ್ನೂ ಹಳೇ ಬಿ350ಗೆ ಅಧಿಕೃತವಾಗಿ ಸಿಕ್ಕಿದ್ದು 2022ರಲ್ಲಿ.

ಇನ್ನೊಂದು ವಿಷ್ಯ ಏನಂದ್ರೆ, ಈ ಪಕ್ಷಾಂತರ ಹೊಸದೇನಲ್ಲ. ಸೈಬರ್ ಸೆಂಟರಲ್ಲಿ ಗಂಟೆ ಲೆಕ್ಕದಲ್ಲಿ ಕೌಂಟರ್ ಸ್ಟ್ರೈಕ್ ಆಡ್ತಿದ್ದ ಕಾಲದವರನ್ನ ಕೇಳಿ ನೋಡಿ. 2003ರಲ್ಲಿ ಅಥ್ಲಾನ್ 64 ಬಂತು, 2004ರಲ್ಲಿ ಇಂಟೆಲ್ ಪ್ರೆಸ್ಕಾಟ್ ಅನ್ನೋ ಬೆಂಕಿ ಕಾರೋ ಪೆಂಟಿಯಂ 4 ತಂತು, ವಿಷ್ಯ ಗೊತ್ತಿದ್ದವರೆಲ್ಲ ಎಎಂಡಿ ಕಡೆ ಹೋದ್ರು. 2006ರ ಜುಲೈನಲ್ಲಿ ಕೋರ್ 2 ಡ್ಯೂ ಬಂತು ನೋಡಿ, ಅದೇ ಜನ ವಾಪಸ್. 2011ರ ಜನವರಿಯಲ್ಲಿ ಐ5-2500ಕೆ ಬಂದು ಇನ್ನಷ್ಟು ಜನನ ಕಟ್ಟಿಹಾಕ್ತು, ಅದೇ ವರ್ಷದ ಅಕ್ಟೋಬರಲ್ಲಿ ಎಎಂಡಿ ಬುಲ್ಡೋಜರ್ ಅಂತ ತಂದು ತಾನೇ ಬಿದ್ದೋಯ್ತು. ಅದನ್ನ 8 ಕೋರ್ (ಚಿಪ್ ಒಳಗೆ ಬೇರೆ ಬೇರೆಯಾಗಿ ಕೆಲಸ ಮಾಡೋ ಭಾಗ) ಅಂತ ಮಾರಿದ್ರು, ಆದ್ರೆ ಎರಡೆರಡು ಕೋರ್‌ಗೆ ಸೇರಿ ದಶಾಂಶದ ಲೆಕ್ಕ ಮಾಡೋ ಫ್ಲೋಟಿಂಗ್ ಪಾಯಿಂಟ್ ಯೂನಿಟ್ ಒಂದೇ. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋಗಿ 2019ರಲ್ಲಿ 1.21 ಕೋಟಿ ಡಾಲರ್‌ಗೆ ರಾಜಿ ಆಯ್ತು.

ಒಂದು ಪ್ರೊಸೆಸರ್ ಡಿಸೈನ್ ಶುರುವಾಗಿ ಅಂಗಡಿಗೆ ಬರೋಕೆ ನಾಲ್ಕೈದು ವರ್ಷ ಹಿಡಿಯುತ್ತೆ, ಹಾಗಾಗಿ ಒಂದ್ಸಲ ದಾರಿ ತಪ್ಪಿದ ಕಂಪನಿ ಬೇಗ ಎದ್ದೇಳಲ್ಲ. ಬುಲ್ಡೋಜರ್‌ನಿಂದ ಎದ್ದೇಳೋಕೆ ಎಎಂಡಿಗೆ 2017ರ ಮಾರ್ಚ್ ಆಯ್ತು. ಅಷ್ಟರವರೆಗೂ ಇಂಟೆಲ್ ಸಾಮಾನ್ಯ ಜನರ ಐ7ನಲ್ಲಿ ವರ್ಷಾನುಗಟ್ಟಲೆ ನಾಲ್ಕೇ ಕೋರ್ ಕೊಟ್ಕೊಂಡು ಆರಾಮಾಗಿ ಕೂತಿತ್ತು. ಎಎಂಡಿ 8 ಕೋರ್‌ನ ರೈಜನ್ 7 1700ನ 329 ಡಾಲರ್‌ಗೆ ತಂದಾಗ ಇಂಟೆಲ್‌ನ 8 ಕೋರ್‌ಗೆ ಸಾವಿರ ಡಾಲರ್ ಮೇಲೇ ಇತ್ತು. ಅದೇ ವರ್ಷದ ಅಕ್ಟೋಬರಲ್ಲಿ ಇಂಟೆಲ್ ದಿಢೀರ್ ಅಂತ 6 ಕೋರ್‌ನ 8700ಕೆ ಬಿಡ್ತು, ಇಷ್ಟು ದಿನ ಎಲ್ಲಿ ಇಟ್ಕೊಂಡಿದ್ರೋ. ಅಲ್ಲಿಂದಾಚೆ ಇಂಟೆಲ್‌ನ 10 ನ್ಯಾನೋಮೀಟರ್ (ಈ ಸಂಖ್ಯೆ ಇಳಿದಷ್ಟೂ ಹೊಸ ತಂತ್ರಜ್ಞಾನ) ಫ್ಯಾಕ್ಟರಿ ಕೆಲಸ ವರ್ಷಗಟ್ಟಲೆ ತಡ ಆಯ್ತು, ಸ್ವಂತ ಫ್ಯಾಕ್ಟರಿಗಳನ್ನ ಮೊದಲೇ ಕೈಬಿಟ್ಟಿದ್ದ ಎಎಂಡಿ 2019ರಲ್ಲಿ ತೈವಾನಿನ ಟಿಎಸ್‌ಎಂಸಿ ಹತ್ರ 7 ನ್ಯಾನೋಮೀಟರಲ್ಲಿ ಮಾಡಿಸ್ಕೊಂಡು ಮುಂದೆ ಹೋಯ್ತು.

2020ರ ನವೆಂಬರಲ್ಲಿ ರೈಜನ್ 5000 ಗೇಮಿಂಗಲ್ಲೂ ಇಂಟೆಲನ್ನ ಹಿಡೀತು, ಹಿಡಿದ ಕೂಡ್ಲೇ ಎಎಂಡಿ ಏನ್ ಮಾಡ್ತು ಗೊತ್ತಾ, 199 ಡಾಲರ್‌ಗೆ ಬಂದಿದ್ದ 3600ರ ಜಾಗಕ್ಕೆ 299 ಡಾಲರ್‌ನ 5600ಎಕ್ಸ್ ತಂತು. ಬಡವರ ಬಂಧು ಅಂತ ನಂಬಿದ್ದವರಿಗೆ ಹೊಟ್ಟೆ ಉರೀತು. ಮುಂದಿನ ವರ್ಷ ಇಂಟೆಲ್ 12ನೇ ಜನರೇಷನ್ ಬಂತು, ಅದರ ಹಿಂದೆನೇ ಬಂದ ಐ5-12400ಎಫ್‌ನ ಬಜೆಟ್ ಹುಡುಗ್ರು ಮುಗಿಬಿದ್ದು ತಗೊಂಡ್ರು. ಯಾರು ಹಿಂದೆ ಬೀಳ್ತಾರೋ ಅವರು ಬೆಲೆ ಇಳಿಸ್ತಾರೆ, ಕೋರ್ ಜಾಸ್ತಿ ಕೊಡ್ತಾರೆ, ನಯವಾಗಿ ಮಾತಾಡ್ತಾರೆ. ನಿಮ್ಮ ಗ್ಯಾಂಗ್‌ನವರು ಅದನ್ನ ನೋಡಿ ನಡ್ಕೊಳ್ತಿದ್ದಾರೆ ಅಷ್ಟೇ, ಅದರಲ್ಲಿ ಬೈಯ್ಯೋಕೆ ನನಗಂತೂ ಏನೂ ಕಾಣಲ್ಲ.

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಮಗ ಎರಡನೇ ಪಿಯು. ಕಂಪ್ಯೂಟರ್ ಕೊಡ್ಸುವಾಗ ಇಂಟೆಲ್ಲೇ ಬೇಕು ಅಂತ ಹಟ ಮಾಡಿ 12400ಎಫ್ ತಗೊಂಡ. ಈಗ ಎಕ್ಸ್3ಡಿ ಅಂತೆ, ಅದಿಲ್ದೆ ಗೇಮ್ ಆಡೋಕಾಗಲ್ವಂತೆ. ನಿಜಾನಾ, ಇಲ್ಲ ಪರೀಕ್ಷೆ ಟೈಮಲ್ಲಿ ಹೊಸ ನಾಟಕನಾ?
ಮಲ್ಲೇಶ್ವರದ ಒಬ್ಬ ತಾಯಿ

ಉತ್ತರ: ಅರ್ಧ ನಿಜ ಮೇಡಂ, ಇನ್ನರ್ಧ ನೀವು ಅನ್ಕೊಂಡಿದ್ದೇ. ಎಕ್ಸ್3ಡಿ ಅಂದ್ರೆ ಎಎಂಡಿಯವರು ಪ್ರೊಸೆಸರ್ ಜೊತೆಗೇ ಒಂದು ಹೆಚ್ಚುವರಿ ಕ್ಯಾಶ್ ಮೆಮೊರಿ ಪದರ ಅಂಟಿಸಿರೋದು. ಮಾಮೂಲಿ 8 ಕೋರ್ ರೈಜನ್‌ನಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ರೆ 5800ಎಕ್ಸ್3ಡಿ, 7800ಎಕ್ಸ್3ಡಿ, 9800ಎಕ್ಸ್3ಡಿ ಮೂರರಲ್ಲೂ 96 ಎಂಬಿ. ಗೇಮ್‌ಗಳಿಗೆ ಚಿಕ್ಕ ಚಿಕ್ಕ ಮಾಹಿತಿ ಪದೇ ಪದೇ ಬೇಕಾಗುತ್ತೆ, ಅದು ಕ್ಯಾಶಲ್ಲೇ ಸಿಕ್ರೆ ತಕ್ಷಣ ಕೆಲಸ ಆಗುತ್ತೆ, ಸಿಗ್ಲಿಲ್ಲ ಅಂದ್ರೆ ರ‍್ಯಾಮ್‌ವರೆಗೂ ಹೋಗಿ ಬರ್ಬೇಕು, ಅದು ಹಲವು ಪಟ್ಟು ನಿಧಾನ, ಪ್ರೊಸೆಸರ್ ಅಲ್ಲಿವರೆಗೂ ಸುಮ್ನೆ ಕಾಯ್ತಾ ಇರುತ್ತೆ. ಹಾಗಾಗಿ ಗೇಮಿಂಗ್ ಲೆಕ್ಕದಲ್ಲಿ ಈ ಚಿಪ್‌ಗಳು ನಿಜವಾಗ್ಲೂ ಮುಂದಿವೆ, ಇವತ್ತು ಇಂಟೆಲ್ ಬಿಟ್ಟು ಹೋಗ್ತಿರೋ ಬಹಳಷ್ಟು ಗೇಮರ್‌ಗಳು ಹೋಗ್ತಿರೋದು ಇದಕ್ಕೇನೇ. ಎಲ್ಲಾ ಎಎಂಡಿಗೂ ಅಲ್ಲ, ಈ ಎಕ್ಸ್3ಡಿಗೆ.

ಆದ್ರೆ ಆ ಟೆಸ್ಟ್ ವಿಡಿಯೋಗಳನ್ನ ಹೇಗೆ ಮಾಡ್ತಾರೆ ಅಂತ ನಿಮ್ಮ ಮಗನ್ನ ಕೇಳಿ. ಇರೋದ್ರಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಸ್ಕ್ರೀನ್ 1080ಪಿಗೆ ಇಳಿಸಿ ಓಡಿಸ್ತಾರೆ, ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣ್ಲಿ ಅಂತ. ಅದು ಮೋಸ ಅಲ್ಲ, ಸರಿಯಾದ ವಿಧಾನನೇ. ಮನೇಲಿ ನಿಮ್ಮ ಮಗನ ಹತ್ರ ಇರೋದು ಆ ಕಾರ್ಡ್ ಅಲ್ವಲ್ಲ, ಮಧ್ಯಮ ಬೆಲೆಯ ಕಾರ್ಡ್ ಇದ್ರೆ ಅದೇ ಮೊದಲು ಸುಸ್ತಾಗುತ್ತೆ, ಪ್ರೊಸೆಸರ್ ಯಾವುದಿದ್ರೂ ಫ್ರೇಮ್ ಅಷ್ಟೇ ಬರೋದು. ಒಂದು ಪೈಸೆ ಖರ್ಚಿಲ್ದೆ ಪರೀಕ್ಷೆ ಮಾಡ್ಬಹುದು: ಅವನು ಆಡೋ ಗೇಮಲ್ಲೇ ರೆಸೊಲ್ಯೂಷನ್, ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲಾ ತೀರಾ ಕೆಳಗೆ ಇಳಿಸೋಕೆ ಹೇಳಿ. ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ದಡದಡ ಅಂತ ಮೇಲೆ ಹೋದ್ರೆ ಸುಸ್ತಾಗಿದ್ದು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಬದಲಾಯಿಸಿ ಉಪಯೋಗ ಇಲ್ಲ. ಅಲ್ಲೇ ನಿಂತಿದ್ರೆ ಮಾತ್ರ ಅವನ ಮಾತಲ್ಲಿ ಹುರುಳಿದೆ. ಆಗ್ಲೂ ಈಗಿನ ಎಕ್ಸ್3ಡಿ ಅಂದ್ರೆ ಎಎಂ4 ಆದ್ಮೇಲೆ ಬಂದ ಎಎಂ5 ಸಾಕೆಟ್‌ನ ಹೊಸ ಬೋರ್ಡು, ಹೊಸ ಬಗೆಯ ಡಿಡಿಆರ್5 ರ‍್ಯಾಮು, ಎಲ್ಲಾ ಸೇರಿ ಬಿಲ್ ನೋಡಿದ್ಮೇಲೆ ಪರೀಕ್ಷೆ ಮುಗೀಲಿ ಅನ್ನೋದಕ್ಕೆ ನಿಮಗೆ ಬೇರೆ ಕಾರಣ ಬೇಕಾಗಲ್ಲ.

ಪ್ರಶ್ನೆ: ನನ್ ಹತ್ರ ಐ7-13700ಕೆ ಇದೆ, ಚೆನ್ನಾಗೇ ಓಡ್ತಿದೆ. 13-14ನೇ ಜನರೇಷನ್ ಎಲ್ಲಾ ಸುಟ್ಟೋಗುತ್ತೆ, ಈಗ್ಲೇ ಮಾರ್ಬಿಡು ಅಂತ ಆಫೀಸಲ್ಲಿ ತಲೆ ತಿಂತಾವ್ರೆ. ಮಾರ್ಬಿಡ್ಲಾ?
ಮಾರತ್ತಹಳ್ಳಿಯ ಓದುಗ

ಉತ್ತರ: ಬೇಡ. ಸುಟ್ಟೋಗೋದಲ್ಲ ಅದು. ಆ ಜನರೇಷನ್‌ನ ಡೆಸ್ಕ್‌ಟಾಪ್ ಚಿಪ್‌ಗಳು ಕೆಲವು ಸಂದರ್ಭದಲ್ಲಿ ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಎಳ್ಕೊಳ್ತಿದ್ವು, ಅದರಿಂದ ನಿಧಾನಕ್ಕೆ ಒಳಗೆ ಸವೆದು, ಮೊದಲು ಓಡ್ತಿದ್ದ ವೋಲ್ಟೇಜಲ್ಲಿ ಈಗ ಸ್ಥಿರವಾಗಿ ಓಡಲ್ಲ ಅನ್ನೋ ಸ್ಥಿತಿಗೆ ಬರ್ತಿದ್ವು. ಅನ್‌ರಿಯಲ್ ಎಂಜಿನ್ ಗೇಮ್‌ಗಳಲ್ಲಿ ವಿಡಿಯೋ ಮೆಮೊರಿ ಸಾಲ್ತಿಲ್ಲ ಅಂತ ಎರರ್ ಬರೋದು, ಪಾಪ ಜನ ಗ್ರಾಫಿಕ್ಸ್ ಕಾರ್ಡ್ ಹಾಳಾಗಿದೆ ಅನ್ಕೊಂಡು ಅದನ್ನ ಬಿಚ್ಚಿ ಹಾಕಿ ಮಾಡ್ತಿದ್ರು. 2024ರ ಆಗಸ್ಟಲ್ಲಿ 0ಎಕ್ಸ್129, ಸೆಪ್ಟೆಂಬರಲ್ಲಿ 0ಎಕ್ಸ್12ಬಿ ಅಂತ ಇಂಟೆಲ್‌ನವರು ಮೈಕ್ರೋಕೋಡ್ (ಚಿಪ್ ಒಳಗಿನ ಸೂಚನೆಗಳ ತಿದ್ದುಪಡಿ, ಬಯೋಸ್ ಜೊತೆ ಬರುತ್ತೆ) ಕೊಟ್ಟಿದ್ದಾರೆ, ವಾರಂಟಿನೂ ಎರಡು ವರ್ಷ ಜಾಸ್ತಿ ಮಾಡಿ ಕಂಪನಿ ಡಬ್ಬದಲ್ಲಿ ಬರೋ ಬಾಕ್ಸ್ ಪೀಸ್‌ಗೆ ಒಟ್ಟು ಐದು ವರ್ಷ ಮಾಡಿದ್ದಾರೆ. ನೀವು ಮಾಡ್ಬೇಕಾಗಿರೋದು ಬಯೋಸ್ ಅಪ್‌ಡೇಟ್, ಇವತ್ತೇ. ಆಗ್ಲೇ ಸವೆದಿರೋ ಚಿಪ್ಪನ್ನ ಅಪ್‌ಡೇಟ್ ಸರಿ ಮಾಡಲ್ಲ, ಮುಂದೆ ಸವೆಯೋದನ್ನ ತಡೆಯೋಕೆ ಅಷ್ಟೇ ಅದು.

ಜನ ಇಂಟೆಲ್ ಬಿಟ್ಟಿದ್ದಕ್ಕೆ ತಾಂತ್ರಿಕ ದೋಷಕ್ಕಿಂತ ದೊಡ್ಡ ಕಾರಣ ನನ್ನ ಪ್ರಕಾರ, ಕಾರಣ ಏನು ಅಂತ ಗೊತ್ತಾಗೋಕೆ ತಿಂಗಳುಗಟ್ಟಲೆ ಹಿಡಿದಿದ್ದು. ದೋಷ ಎಎಂಡಿದ್ರಲ್ಲೂ ಬಂದಿದೆ, 2023ರ ಏಪ್ರಿಲಲ್ಲಿ ಕೆಲವು 7000 ಎಕ್ಸ್3ಡಿ ಚಿಪ್‌ಗಳು ಬೋರ್ಡ್ ಸಮೇತ ಕರಕಲಾದ ಫೋಟೋಗಳು ಓಡಾಡಿದ್ವು, ಆದ್ರೆ ಬೇಗನೇ ಚಿಪ್‌ನ ಒಂದು ಭಾಗಕ್ಕೆ ಹೋಗೋ ಎಸ್‌ಒಸಿ ವೋಲ್ಟೇಜ್ 1.3 ವೋಲ್ಟ್ ದಾಟದ ಹಾಗೆ ಬಯೋಸ್ ಬಂತು, ಜನ ಮರೆತ್ರು.

ಪ್ರಶ್ನೆ: ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಹೋದ್ರೆ ಒಂದಂಗಡಿಯವರು ಎಎಂಡಿ ಮುಟ್ಬೇಡಿ ಅಂತಾರೆ, ಪಕ್ಕದಂಗಡಿಯವರು ಇಂಟೆಲ್ ಯಾರ್ ಸಾರ್ ತಗೊಳ್ತಾರೆ ಈಗ ಅಂತಾರೆ. ಇಬ್ರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ?
ಹನುಮಂತನಗರದ ಓದುಗ

ಉತ್ತರ: ಇಬ್ರೂ ಅವರವರ ಅನುಭವ ಹೇಳ್ತಿದ್ದಾರೆ, ಜೊತೆಗೆ ಅವರವರ ಸ್ಟಾಕ್ ಏನಿದೆ ಅನ್ನೋದನ್ನೂ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಕಾಂಬೋ ಅಂತ ಕೊಡ್ತಾರಲ್ಲ, ಅದರಲ್ಲಿ ಶೆಲ್ಫಲ್ಲಿ ಕೂತಿರೋ ಬೋರ್ಡ್ ಖಾಲಿ ಆಗ್ಲಿ ಅನ್ನೋ ಆಸೆ ಯಾವ ವ್ಯಾಪಾರಿಗೆ ಇರಲ್ಲ ಹೇಳಿ. ಆದ್ರೆ ಅಂಗಡಿಯವರ ಅಭಿಪ್ರಾಯನ ಪೂರ್ತಿ ತಳ್ಳಿಹಾಕ್ಬೇಡಿ, ಯಾಕಂದ್ರೆ ವಾಪಸ್ ಬರೋ ಪೀಸ್ ನೋಡೋರು ಅವ್ರೇ. ಎಎಂ4 ಕಾಲದಲ್ಲಿ ಪಿನ್ನುಗಳು ಪ್ರೊಸೆಸರ್ ಹೊಟ್ಟೆಯಲ್ಲೇ ಇರ್ತಿದ್ವು, ಹಳೇ ಥರ್ಮಲ್ ಪೇಸ್ಟ್ ಗಟ್ಟಿಯಾಗಿ ಕೂಲರ್ ಎಳೆದ್ರೆ ಪ್ರೊಸೆಸರ್ರೂ ಸಾಕೆಟ್‌ನಿಂದ ಕಿತ್ಕೊಂಡು ಬರೋದು, ಪಿನ್ ಬಾಗೋದು, ಗಿರಾಕಿ ಅದನ್ನ ತಂದು ಅಂಗಡಿಯವರ ಮೇಲೆ ರೇಗೋದು. ಇದನ್ನ ದಿನಾ ನೋಡಿದವನಿಗೆ ಎಎಂಡಿ ಅಂದ್ರೆ ಬಾಗಿದ ಪಿನ್ನೇ ಜ್ಞಾಪಕ ಬರೋದು. ಇಂಟೆಲ್‌ನವರು ಡೆಸ್ಕ್‌ಟಾಪಲ್ಲಿ 2004ರಿಂದನೇ ಪಿನ್ನನ್ನ ಬೋರ್ಡಿಗೆ ದಾಟಿಸಿದ್ರು, ಎಎಂಡಿ ಮಾಮೂಲಿ ಡೆಸ್ಕ್‌ಟಾಪಲ್ಲಿ ಅದನ್ನ ಮಾಡಿದ್ದು 2022ರ ಎಎಂ5ನಲ್ಲಿ. ಆಮೇಲೆ ಬಯೋಸ್ ಗಲಾಟೆ: ಹಳೇ ಬಿ450 ಬೋರ್ಡ್ ಮನೆಗೆ ತಗೊಂಡ್ಹೋಗಿ ಹೊಸ 5600 ಹಾಕಿದ್ರೆ ಡಿಸ್ಪ್ಲೇನೇ ಬರ್ತಿರ್ಲಿಲ್ಲ, ಬಹಳಷ್ಟು ಬೋರ್ಡಲ್ಲಿ ಅಪ್‌ಡೇಟ್ ಮಾಡೋಕೆ ಹಳೇ ಪ್ರೊಸೆಸರ್ ಬೇಕು, ಅದಿರೋದು ಅಂಗಡಿಯವರ ಹತ್ರ.

ಇಂಟೆಲ್ ಬೇಡ ಅನ್ನೋ ಅಂಗಡಿಯವರಿಗೂ ಅವರದೇ ಕಥೆ ಇರುತ್ತೆ. ಐ9-14900ಕೆ ಪೂರ್ತಿ ಲೋಡಲ್ಲಿ 253 ವ್ಯಾಟ್‌ವರೆಗೂ ಹೋಗುತ್ತೆ ಅಂತ ಕಂಪನಿಯವರೇ ಬರೆದಿದ್ದಾರೆ, ಅದಕ್ಕೆ ದೊಡ್ಡ ಲಿಕ್ವಿಡ್ ಕೂಲರ್, ಗಟ್ಟಿಮುಟ್ಟಾದ ಪವರ್ ಸಪ್ಲೈ ಎರಡೂ ಬೇಕು. ನಮ್ಮೂರಲ್ಲಿ ಕರೆಂಟ್ ಹೋಗುತ್ತೆ ಅಂತ ಎಲ್ಲರ ಟೇಬಲ್ ಕೆಳಗೂ ಒಂದು 600 ವಿಎ ಯುಪಿಎಸ್ ಇರುತ್ತಲ್ಲ, ಅದು ಗ್ರಾಫಿಕ್ಸ್ ಕಾರ್ಡೂ ಸೇರಿದ ಆ ಲೋಡಿಗೆ ಒಂದೇ ಸಲ ಕೀ ಅಂತ ಕಿರುಚಿ ಕಣ್ಮುಚ್ಚುತ್ತೆ. ಎಕ್ಸ್3ಡಿ ಚಿಪ್‌ಗಳು ಗೇಮ್ ಆಡುವಾಗ ಅದಕ್ಕಿಂತ ತುಂಬಾ ಕಮ್ಮಿ ಕರೆಂಟ್ ಕುಡಿಯುತ್ತೆ, ಇದು ಸಣ್ಣ ವಿಷ್ಯ ಅಲ್ಲ.

ಗೇಮ್ ಜೊತೆ ವಿಡಿಯೋ ಎಡಿಟಿಂಗೂ ಮಾಡ್ತೀರಾ ಅಂದ್ರೆ ನನ್ನ ಓಟು ಇಂಟೆಲ್‌ಗೇ, ಅದರ ಕ್ವಿಕ್ ಸಿಂಕ್ ಅನ್ನೋದು ಕ್ಯಾಮೆರಾ ಫೈಲುಗಳನ್ನ ಸಲೀಸಾಗಿ ಓಡಿಸುತ್ತೆ. ಆದ್ರೆ ಹೆಸರಿನ ಕೊನೆಗೆ ಎಫ್ ಇರೋ ಚಿಪ್ ತಗೊಂಡ್ರೆ ಒಳಗೆ ಗ್ರಾಫಿಕ್ಸೇ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಮತ್ತೆ ಎಸ್.ಪಿ. ರೋಡಲ್ಲಿ ಯಾರಾದ್ರೂ ಭಾರೀ ಕಮ್ಮಿ ಹೇಳಿದ್ರೆ ಬಾಕ್ಸ್ ಪೀಸಾ, ಡಬ್ಬ ಇಲ್ದೆ ಬಿಡಿಯಾಗಿ ಬರೋ ಟ್ರೇ ಪೀಸಾ ಅಂತ ಕೇಳಿ. ಟ್ರೇ ಪೀಸ್‌ಗೆ ಇಂಟೆಲ್ ನೇರವಾಗಿ ವಾರಂಟಿ ಕೊಡಲ್ಲ, ಮಾರಿದವರೇ ನೋಡ್ಕೋಬೇಕು, ಅವರು ಜಿಎಸ್‌ಟಿ ಬಿಲ್ ಕೊಡಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಇಂಟೆಲ್, ಎಎಂಡಿ ಎರಡರಲ್ಲಿ ಯಾವುದು ನಮ್ಮ ಬೆಂಗಳೂರಿಗೆ ಹತ್ರ? ಆ ಲೆಕ್ಕದಲ್ಲೇ ತಗೊಳ್ಳೋಣ ಅಂತ.
ಬನಶಂಕರಿಯ ಅಭಿಮಾನಿ

ಉತ್ತರ: ಎರಡೂ ಇಲ್ಲೇ ಇದೆ ಅಭಿಮಾನಿಗಳೇ. ಇಂಟೆಲ್‌ಗೆ ಇಲ್ಲಿ ವರ್ಷಗಳಿಂದ ದೊಡ್ಡ ಡಿಸೈನ್ ಕೇಂದ್ರ ಇದೆ, ಎಎಂಡಿ 2023ರ ನವೆಂಬರಲ್ಲಿ ಟೆಕ್ನೋಸ್ಟಾರ್ ಅಂತ ಕ್ಯಾಂಪಸ್ ತೆಗೀತು, ಪ್ರಪಂಚದಲ್ಲೇ ಅವರ ಅತಿ ದೊಡ್ಡ ಡಿಸೈನ್ ಕೇಂದ್ರ ಅದೇ ಅಂತೆ. ನಮ್ ಹುಡುಗ್ರು ಈ ಕಂಪನಿ ಬಿಟ್ಟು ಆ ಕಂಪನಿಗೆ ಹೋಗೋದೂ ನಡೀತಾನೇ ಇರುತ್ತೆ. ಚಿಪ್ ಮಾಡೋರೇ ಪಕ್ಷಾಂತರ ಮಾಡುವಾಗ ಕೊಳ್ಳೋರು ಯಾಕೆ ತಲೆ ಕೆಡಿಸ್ಕೋಬೇಕು.

ಪ್ರಶ್ನೆ: ಇದಕ್ಕೆಲ್ಲಾ ಜನ ಯಾಕ್ ಸಾರ್ ಅಷ್ಟೊಂದು ಜಗಳ ಆಡ್ತಾರೆ? ನಮ್ ರೂಮಲ್ಲಿ ಇಬ್ರು ಮಾತು ಬಿಟ್ಟಿದ್ದಾರೆ.
ಕೋರಮಂಗಲದ ಪಿಜಿಯಿಂದ

ಉತ್ತರ: ದುಡ್ಡು ಕೊಟ್ಟಾಗಿದೆ, ವಾಪಸ್ ಬರಲ್ಲ. ತಗೊಂಡಿದ್ದು ಸರಿ ಅಂತ ಇನ್ನೊಬ್ರ ಬಾಯಲ್ಲಿ ಕೇಳ್ಬೇಕು ಅನ್ನೋ ಹಂಬಲ ಅದು. ಗಮನಿಸಿ ನೋಡಿ, ಜಾಸ್ತಿ ಕೂಗಾಡೋರು ಇತ್ತೀಚೆಗೆ ತಗೊಂಡೋರು, ಇಲ್ಲ ಈಗಷ್ಟೇ ಪಕ್ಷ ಬದಲಾಯಿಸಿದೋರು. ಇಬ್ರಿಗೂ ಒಂದೊಂದು ಫಿಲ್ಟರ್ ಕಾಫಿ ಕುಡಿಸಿ.

ಪ್ರಶ್ನೆ: ನನ್ನದು ಐ5-7400, 16 ಜಿಬಿ ಡಿಡಿಆರ್4 2400 ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಮೊದಲಿಂದ ಇಂಟೆಲ್ ಮನೆತನ. ವಿಂಡೋಸ್ 11 ಹಾಕೋಕೆ ಹೋದ್ರೆ ಪ್ರೊಸೆಸರ್ ಆಗಲ್ಲ ಅಂತಿದೆ. ಎಲ್ರೂ ಎಎಂ5ಗೆ ಹೋಗು ಅಂತಿದ್ದಾರೆ. ಹೋಗ್ಲಾ?
ಯಲಹಂಕದ ಓದುಗ

ಉತ್ತರ: ನಿಮ್ಮಂಥೋರು ಈಗ ಬಹಳ ಜನ ಇದ್ದಾರೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, 11ಕ್ಕೆ ಇಂಟೆಲಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ ಮೇಲೆ, ಎಎಂಡಿಯಲ್ಲಿ ರೈಜನ್ 2000ದಿಂದ ಮೇಲೆ ಬೇಕು. ಚೆನ್ನಾಗಿ ಓಡ್ತಿದ್ದ ಬೋರ್ಡನ್ನ ಮೈಕ್ರೋಸಾಫ್ಟೇ ತೆಗೆಸ್ತಿದೆ, ಈ ನೆಪದಲ್ಲಿ ಎಷ್ಟೋ ಹಳೇ ಇಂಟೆಲ್ ಮನೆತನಗಳು ಆ ಕಡೆ ಹೋಗ್ತಿವೆ.

ಆದ್ರೆ ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ರ‍್ಯಾಮ್ ಆಗಲ್ಲ, ಇಂಟೆಲ್‌ನ ಹೊಸ 1851ಗೂ ಅಷ್ಟೇ. 2025ರ ಕೊನೆಯಿಂದ ಎಐ ಸರ್ವರ್‌ಗಳ ಕಾಟಕ್ಕೆ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ಎಸ್.ಪಿ. ರೋಡಲ್ಲಿ ಒಂದ್ಸಲ ಕೇಳಿ ನೋಡಿ, ಪ್ರೊಸೆಸರ್ ಕಂಪನಿ ಯಾವುದು ಅನ್ನೋ ಪ್ರಶ್ನೆನೇ ಮರೆತು ಹೋಗುತ್ತೆ. ನಿಮ್ಮ ಕೈಲಿರೋ ಡಿಡಿಆರ್4 ಉಳಿಸ್ಕೊಳ್ಳಿ. ಎರಡು ದಾರಿ ಇದೆ, ರೈಜನ್ 5 5600 ಜೊತೆ ಬಿ550 ಬೋರ್ಡ್, ಇಲ್ಲ 12400ಎಫ್ ಜೊತೆ ಬಿ660 ಬೋರ್ಡ್. ಎರಡೂ ಹಳೇ ಸಾಕೆಟ್‌ಗಳೇ, ಮುಂದೆ ಜಾಸ್ತಿ ದೂರ ಹೋಗಲ್ಲ, ಆದ್ರೆ 1060 ಕಾರ್ಡ್ ಇಟ್ಕೊಂಡು ನಿಮಗೆ ಅಷ್ಟು ದೂರ ಹೋಗೋದೂ ಇಲ್ಲ. ಮಾಮೂಲಿಯಾಗಿ ನಾನು ಬೆಲೆ ಕಮ್ಮಿ ಇರೋದನ್ನ ತಗೊಳ್ಳಿ ಅಂತಿದ್ದೆ, ನಿಮ್ಮ ವಿಷ್ಯದಲ್ಲಿ ಮಾತ್ರ ರ‍್ಯಾಮ್ ವೇಗ ಬರೀ 2400. ರೈಜನ್ ಒಳಗಿನ ಓಡಾಟದ ವೇಗ ರ‍್ಯಾಮ್ ವೇಗದ ಜೊತೆ ತಳಕು ಹಾಕ್ಕೊಂಡಿರುತ್ತೆ, ಅದಕ್ಕೆ 3200, 3600 ಇದ್ರೆ ಖುಷಿ, ನಿಧಾನದ ರ‍್ಯಾಮಲ್ಲಿ ಇಂಟೆಲ್‌ಗಿಂತ ಅದೇ ಜಾಸ್ತಿ ಒದ್ದಾಡುತ್ತೆ. ಹಾಗಾಗಿ 12400ಎಫ್ ಕಡೆ ನೋಡಿ, ಮನೆತನದ ಮರ್ಯಾದೆನೂ ಉಳೀತು. ಬೋರ್ಡ್ ತಗೊಳ್ಳುವಾಗ ಡಬ್ಬದ ಮೇಲೆ ಡಿಡಿಆರ್4 ಅಂತ ಇದ್ಯಾ ಕಣ್ಣಿಟ್ಟು ಓದಿ, ಬಿ660ನಲ್ಲಿ ಒಂದೇ ಥರದ ಹೆಸರಲ್ಲಿ ಎರಡೂ ಬಗೆ ಬರುತ್ತೆ, ಬೇರೆದು ಮನೆಗೆ ತಂದ್ರೆ ನಿಮ್ಮ ರ‍್ಯಾಮ್ ಅದರೊಳಗೆ ಕೂರೋದೇ ಇಲ್ಲ.